ಎರಡನೆಯ ಸೀಸೆಗಾಗಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ಜಿಲ್ಲಾ ಕೇಂದ್ರವೊಂದರ ಪ್ರಯೋಗಾಲಯದಲ್ಲಿ ಬಯಾಪ್ಸಿ ಸ್ಲೈಡುಗಳನ್ನು ನೋಡಿ ವರದಿ ಬರೆಯುವುದು ನನ್ನ ಕೆಲಸ. ಈ ಮಳೆಗಾಲದ ಆರಂಭದಲ್ಲಿ ಯುವತಿಯೊಬ್ಬಳ ಕತ್ತಿನಿಂದ ತೆಗೆದ, ಅವರೆಕಾಳಿನಷ್ಟು ದೊಡ್ಡ ಗಂಟೊಂದು ನನ್ನ ಮೇಜಿಗೆ ಬಂತು. ಇಡೀ ಗಂಟನ್ನು ಫಾರ್ಮಲಿನ್ ಎಂಬ ಸಂರಕ್ಷಕ ದ್ರವದಲ್ಲಿ ಹಾಕಲಾಗಿತ್ತು. ಜೊತೆಗಿದ್ದ ಚೀಟಿಯಲ್ಲಿ ‘ಕ್ಷಯವೇ?’ ಎಂಬ ಒಂದೇ ಪ್ರಶ್ನೆಯಿತ್ತು.

ಸೂಕ್ಷ್ಮದರ್ಶಕದಡಿ ಎಪಿಥೀಲಿಯಾಯ್ಡ್ ಎಂಬ ರಕ್ಷಣಾ ಕೋಶಗಳು ಗುಂಪುಗುಂಪಾಗಿ ನೆರೆದಿದ್ದವು. ಅವುಗಳ ನಡುವೆ, ಕೋಶಕೇಂದ್ರಗಳನ್ನು ಕುದುರೆಲಾಳದಂತೆ ಅಂಚಿಗೆ ಜೋಡಿಸಿಕೊಂಡ ದೈತ್ಯಕೋಶಗಳಿದ್ದವು. ವಿಶೇಷ ಬಣ್ಣ ಹಾಕಿ ಹುಡುಕಿದರೂ ಕ್ಷಯದ ಬ್ಯಾಕ್ಟೀರಿಯಾ, ಅಂದರೆ ಬ್ಯಾಸಿಲಸ್, ಒಂದು ಕೂಡ ಸಿಗಲಿಲ್ಲ. ‘ಗ್ರ್ಯಾನ್ಯುಲೋಮ್ಯಾಟಸ್ ಉರಿಯೂತ’ ಎಂದು ಬರೆದೆ. ಅದಕ್ಕಿಂತ ಹೆಚ್ಚಿನದನ್ನು ಬರೆಯುವ ಅಧಿಕಾರವನ್ನು ಆ ಸ್ಲೈಡು ನನಗೆ ಕೊಡಲಿಲ್ಲ.

ಗ್ರ್ಯಾನ್ಯುಲೋಮಾ ಎಂಬುದು ರೋಗದ ಹೆಸರಲ್ಲ. ಜೀರ್ಣಿಸಿಕೊಳ್ಳಲಾಗದ ವಸ್ತುವಿನ ಸುತ್ತ ದೇಹವು ಕಟ್ಟುವ ಬೇಲಿ. ನಮ್ಮ ಹಿರಿಯರು ಗಂಡಮಾಲೆ ಎನ್ನುತ್ತಿದ್ದ ಕತ್ತಿನ ಗಂಟುಗಳಿಗೆ ನಮ್ಮಲ್ಲಿ ಕ್ಷಯವೇ ಮೊದಲ ಅನುಮಾನವಾಗುವುದು ಸರಿ. ಆದರೆ ಇಂಥ ಬೇಲಿ ಕುಷ್ಠರೋಗದಲ್ಲೂ, ಕಾಯಿಸದ ಹಾಲಿನಿಂದಲೋ ಕುರಿ-ದನಗಳ ಹೆರಿಗೆಯ ಕೆಲಸದಿಂದಲೋ ಅಂಟುವ ಬ್ರುಸೆಲ್ಲೋಸಿಸ್‌ನಲ್ಲೂ, ಕೆಲವು ಶಿಲೀಂಧ್ರಗಳಿಂದಲೂ, ಹಳೆಯ ಹೊಲಿಗೆಯ ದಾರದ ಸುತ್ತಲೂ, ಕಾರಣವೇ ಗೊತ್ತಿಲ್ಲದ ಸಾರ್ಕಾಯ್ಡೋಸಿಸ್‌ನಲ್ಲೂ ಏಳುತ್ತದೆ. ಸಾರ್ಕಾಯ್ಡೋಸಿಸ್‌ಗೆ ಸ್ಟೀರಾಯ್ಡ್ ಮದ್ದು. ಕ್ಷಯವೆಂದು ತಿಳಿಯದೆ ಬರೀ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಹರಡಬಹುದು. ಇತ್ತ, ಕ್ಷಯವಿಲ್ಲದವರಿಗೆ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದರೆ ಯಕೃತ್ತಿಗೆ ಪೆಟ್ಟು ಬೀಳಬಹುದು, ನಿಜವಾದ ರೋಗ ಒಳಗೇ ಬೆಳೆಯಬಹುದು.

ಫಾರ್ಮಲಿನ್ ಅಂಗಾಂಶದ ರೂಪವನ್ನು ಉಳಿಸುತ್ತದೆ, ಆದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆಮೇಲೆ ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ, ಸಾಧ್ಯವೇ ಇಲ್ಲ. ಅದೇ ಗಂಟಿನ ಅರ್ಧವನ್ನು ಸ್ಟೆರೈಲ್ ಸಲೈನ್‌ನಲ್ಲಿ, ಅಂದರೆ ಕ್ರಿಮಿರಹಿತ ಉಪ್ಪುನೀರಿನಲ್ಲಿ, ಕಳಿಸಿದ್ದರೆ ಕ್ಷಯದ ಬ್ಯಾಕ್ಟೀರಿಯಾದ ಡಿಎನ್ಎ ಹುಡುಕುವ ಸಿಬಿನ್ಯಾಟ್ ಯಂತ್ರವು ಸುಮಾರು ಎರಡು ಗಂಟೆಗಳಲ್ಲಿ ಕ್ಷಯದ ಸುಳಿವನ್ನೂ ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್ ನಾಟುತ್ತದೆಯೇ ಎಂಬುದನ್ನೂ ಹೇಳಬಹುದಿತ್ತು. ಗಂಟುಗಳಲ್ಲಿ ಬ್ಯಾಸಿಲಸ್‌ಗಳು ವಿರಳವಾದ್ದರಿಂದ ನೆಗೆಟಿವ್ ಬಂದರೂ ಕ್ಷಯವಿಲ್ಲವೆನ್ನಲಾಗದು. ಆಗ ಆರು ವಾರಗಳವರೆಗೆ ಕಾಯುವ ಕಲ್ಚರ್ ನೆರವಿಗೆ ಬರುತ್ತದೆ. ಶ್ವಾಸಕೋಶದ ಹೊರಗಿನ ಕ್ಷಯಕ್ಕೆಂದೇ 2016ರಲ್ಲಿ ಬಂದ ರಾಷ್ಟ್ರೀಯ ಮಾರ್ಗಸೂಚಿಯೂ ಗಂಟಿನ ಮಾದರಿಗೆ ಈ ಪರೀಕ್ಷೆಗಳನ್ನು ಸೂಚಿಸಿದೆ.

ಶಸ್ತ್ರವೈದ್ಯರನ್ನು ದೂರಲಾರೆ. ಟ್ರೇ ಮೇಲೆ ಒಂದೇ ಸೀಸೆಯಿದ್ದರೆ ಕೈ ಅದಕ್ಕೇ ಹೋಗುತ್ತದೆ. ಆದ್ದರಿಂದ ನನ್ನ ಬೇಡಿಕೆ ಚಿಕ್ಕದು: ಎಲ್ಲ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಬೇರೆ ಬಣ್ಣದ ಮುಚ್ಚಳದ ಸಲೈನ್ ಸೀಸೆ ಇರಲಿ, ಗಂಟು ತೆಗೆದಾಗ ಅರ್ಧ ಅದಕ್ಕೆ, ಅರ್ಧ ಫಾರ್ಮಲಿನ್‌ಗೆ ಎಂದು ಸುತ್ತೋಲೆ ಹೊರಡಲಿ, ಕಫದ ಮಾದರಿಗಳನ್ನು ಸಾಗಿಸುವ ವ್ಯವಸ್ಥೆಯಲ್ಲೇ, ಐಸ್ ಪೆಟ್ಟಿಗೆಯಲ್ಲಿಟ್ಟು, ಅದೂ ಅದೇ ದಿನ ಪ್ರಯೋಗಾಲಯ ಸೇರಲಿ.

ಆ ಯುವತಿ ಮತ್ತೊಮ್ಮೆ ಕತ್ತು ಕೊಯ್ಸಿಕೊಳ್ಳಲು ಒಪ್ಪಲಿಲ್ಲ. ಒಪ್ಪೆಂದು ಒತ್ತಾಯಿಸುವ ಮನಸ್ಸು ನನಗೂ ಬರಲಿಲ್ಲ. ಅನುಮಾನದ ಮೇಲೆಯೇ ಮಾತ್ರೆ ಶುರುವಾಗಿದೆ. ಉಳಿದ ಗಂಟುಗಳು ಕರಗುತ್ತಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವುದೊಂದೇ ಈಗ ಅವಳ ಪಾಲಿನ ಪರೀಕ್ಷೆ.

ತಮ್ಮ ವಿಶ್ವಾಸಿ,
ಜಿಲ್ಲಾ ಕೇಂದ್ರದ ಒಬ್ಬ ರೋಗಶಾಸ್ತ್ರಜ್ಞೆ