ಐದು ರೂಪಾಯಿ ನಾಣ್ಯದಷ್ಟು ತೂಕದ ಹಕ್ಕಿ

ಪ್ರಿಯ ಗೆಳೆಯ,

ನ್ಯೂಜೆರ್ಸಿಯಿಂದ ನೀನು ಸ್ವೆಟರಿನಲ್ಲಿ ಸುತ್ತಿ ತಂದ ಸಿಡಿಯನ್ನು ಕೊನೆಗೂ ಕೇಳಿದೆ. ಅದನ್ನು ಹಾಕಲು ಒಂದು ಪ್ಲೇಯರ್ ಹುಡುಕುವುದರಲ್ಲೇ ಎರಡು ವಾರ ಕಳೆಯಿತು. ಮೊಬೈಲಿನಲ್ಲಿ ಕೇಳಬಾರದೇ ಎಂದು ನೀನು ನಕ್ಕಿದ್ದೆಯಲ್ಲ, ಜಾಝ್ ಸಂಯೋಜಕಿ ಮಾರಿಯಾ ಷ್ನೈಡರ್ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ. ಕೇಳುಗರು ಮುಂಗಡ ಕೊಟ್ಟ ಹಣದಿಂದ ರೆಕಾರ್ಡ್ ಮಾಡಿ, ನೇರವಾಗಿ ಅವರಿಗೇ ಮಾರುವವಳು ಆಕೆ. 2004ರ ‘ಕಾನ್ಸರ್ಟ್ ಇನ್ ದ ಗಾರ್ಡನ್’ ಅಂಗಡಿಯ ಮುಖ ನೋಡದೆ, ಅಂತರ್ಜಾಲದಲ್ಲಷ್ಟೇ ಮಾರಾಟವಾಗಿ ಗ್ರ್ಯಾಮಿ ಗೆದ್ದಿತು.

ನೀನು ತಂದದ್ದು 2007ರ ‘ಸ್ಕೈ ಬ್ಲೂ’. ಅದರಲ್ಲಿರುವ ‘ಸೆರೂಲಿಯನ್ ಸ್ಕೈಸ್’ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಕೃತಿ. ಬಿಗ್ ಬ್ಯಾಂಡ್, ಅಂದರೆ ಜಾಝ್‌ನ ದೊಡ್ಡ ವಾದ್ಯತಂಡ, ಎಂದರೆ ಹಿತ್ತಾಳೆ ವಾದ್ಯಗಳು ಒಮ್ಮೆಲೇ ಮೈಮೇಲೆ ಬೀಳುತ್ತವೆ ಎಂದುಕೊಂಡಿದ್ದೆ. ಇಲ್ಲಿ ಮೊದಲು ಕೇಳಿಸುವುದು ಚಿಲಿಪಿಲಿ. ವಾದ್ಯಗಾರರೇ ಹಕ್ಕಿಗಳಾಗಿ ಕೂಗುತ್ತಾರೆ. ನಡುವೆ ಅಕಾರ್ಡಿಯನ್ ಬರುತ್ತದೆ. ತಿದಿ ಒತ್ತುವ ಆ ವಾದ್ಯ ನಮ್ಮ ಹಾರ್ಮೋನಿಯಮ್ಮಿನ ನೆಂಟ ತಾನೆ, ಅದರ ಉಸಿರಾಟ ನನಗೆ ಕೂಡಲೇ ಗುರುತು ಹತ್ತಿತು. ಕೃತಿಯ ಹೆಸರಿನಲ್ಲಿರುವ ಸೆರೂಲಿಯನ್ ವಾರ್ಬ್ಲರ್ ನಮ್ಮ ಉಲಿಯಕ್ಕಿಯಂಥ ಪುಟ್ಟ ನೀಲಿ ಹಕ್ಕಿ. ತೂಕ ಸುಮಾರು 9 ಗ್ರಾಂ, ಹಳೆಯ ದಪ್ಪ ಐದು ರೂಪಾಯಿ ನಾಣ್ಯದಷ್ಟು. ಚಳಿಗಾಲವನ್ನು ಆಂಡಿಸ್ ಬೆಟ್ಟಗಳಲ್ಲಿ ಕಳೆದು, ವಸಂತದಲ್ಲಿ ಉತ್ತರ ಅಮೆರಿಕದ ಪೂರ್ವದ ಕಾಡುಗಳಿಗೆ ಮರಿ ಮಾಡಲು ಹಾರುತ್ತದೆ. ಆಂಡಿಸ್‌ನಲ್ಲಿ ಅದಕ್ಕೆ ಆಸರೆ ಕೊಡುವುದರಲ್ಲಿ ನೆರಳಿನ ಕಾಫಿ ತೋಟಗಳೂ ಸೇರಿವೆ. ಚಿಕ್ಕಮಗಳೂರಿನವನಾದ ನನಗೆ ಇದನ್ನು ಓದಿ ಎಷ್ಟು ಜಂಬ ಬಂದಿರಬೇಕು, ನೀನೇ ಊಹಿಸು! ನೆರಳಿನ ಮರ ಕಡಿದರೆ ಏನಾಗುತ್ತದೆಂಬುದೂ ನಮಗೆ ಹೊಸತಲ್ಲ.

ಆಕೆ ಹುಟ್ಟಿದ್ದು 1960ರಲ್ಲಿ, ಮಿನೆಸೋಟಾದ ವಿಂಡಮ್ ಎಂಬ ಸಣ್ಣ ಊರಿನಲ್ಲಿ. ಹೆಸರಾಂತ ಜಾಝ್ ಸಂಯೋಜಕ ಗಿಲ್ ಇವಾನ್ಸ್ ಬಳಿ ಸಹಾಯಕಿಯಾಗಿದ್ದಳು. ತನ್ನ ಹದಿನೇಳು ಹದಿನೆಂಟು ಜನರ ತಂಡದ ಮುಂದೆ ನಿಂತು ನಡೆಸುತ್ತಾಳೆ. ಹಾರಾಟ ಆಕೆಗೆ ಬರೀ ಕಲ್ಪನೆಯೂ ಅಲ್ಲ. ರಿಯೊ ಡಿ ಜನೈರೊದಲ್ಲಿ ಹ್ಯಾಂಗ್ ಗ್ಲೈಡರಿಗೆ ಜೋತುಬಿದ್ದು ಬೆಟ್ಟದಿಂದ ಹಾರಿದ್ದೇ 2000ದ ‘ಅಲೆಗ್ರೆಸ್’ ಆಲ್ಬಮ್ಮಿನ ‘ಹ್ಯಾಂಗ್ ಗ್ಲೈಡಿಂಗ್’ ಆಯಿತು. ಅದರಲ್ಲಿ ನೆಲ ಜಾರಿಹೋಗುವ ಗಳಿಗೆ ಯಾವುದೆಂದು ಹಿಡಿಯಲು ಮೂರು ಸಲ ಕೇಳಿ ಸೋತೆ. ಕಾಲು ಊರಿದ್ದೇವೆ ಎಂದುಕೊಳ್ಳುವಷ್ಟರಲ್ಲಿ ಆಗಲೇ ಮೇಲಿರುತ್ತೇವೆ.

ನಗಿಸಿದ್ದು ಮಾತ್ರ 2015ರ ‘ದ ಥಾಂಪ್ಸನ್ ಫೀಲ್ಡ್ಸ್’ನಲ್ಲಿರುವ ‘ಆರ್ಬಿಟರ್ಸ್ ಆಫ್ ಎವಲ್ಯೂಷನ್’, ಅಂದರೆ ವಿಕಾಸದ ಪಂಚರು, ತೀರ್ಪುಗಾರರು. ನ್ಯೂಗಿನಿಯ ಸ್ವರ್ಗದ ಹಕ್ಕಿಗಳ ಗಂಡುಗಳು ಕುಣಿದು, ಗರಿ ಕೆದರಿ, ತಲೆಕೆಳಗಾಗಿ ತೂಗಾಡುತ್ತವೆ. ಹೆಣ್ಣು ಸುಮ್ಮನೆ ಕುಳಿತು ತೀರ್ಪು ಕೊಡುತ್ತದೆ. ಆ ಹೆಸರಿನ ಪಂಚರು ಈ ಹೆಣ್ಣುಗಳೇ. ಟೆನರ್ ಸ್ಯಾಕ್ಸೊಫೋನಿನಲ್ಲಿ ಡಾನಿ ಮೆಕ್ಯಾಸ್ಲಿನ್, ಅದಕ್ಕಿಂತ ದಪ್ಪ ದನಿಯ ಬ್ಯಾರಿಟೋನಿನಲ್ಲಿ ಸ್ಕಾಟ್ ರಾಬಿನ್ಸನ್ ಸರದಿಯ ಮೇಲೆ ಮೆರೆಯುವುದನ್ನು ಕೇಳುತ್ತಾ ನಾನೂ ತೀರ್ಪು ಕೊಟ್ಟೆ: ಬ್ಯಾರಿಟೋನ್. ಅಷ್ಟು ದಪ್ಪ ಗಂಟಲಿನಿಂದ ಅಷ್ಟು ಚುರುಕು ಜಿಗಿತ ಬಂದರೆ ಯಾವ ಹೆಣ್ಣು ತಾನೆ ಬೇಡವೆಂದೀತು?

ಮೇ ತಿಂಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ರೈಲು ಹತ್ತಿ ಸೆಂಟ್ರಲ್ ಪಾರ್ಕಿಗೆ ಹೋಗಿ ಬಾ. ವಲಸೆಯ ಹಕ್ಕಿಗಳು ಅಲ್ಲಿ ಇಳಿಯುತ್ತವೆ, ‘ಸೆರೂಲಿಯನ್ ಸ್ಕೈಸ್’ ಕೃತಿಯ ಬೇರು ಇರುವುದೂ ಅಲ್ಲೇ. ಆದರೆ ನೀಲಿಯದು ಮರದ ತುತ್ತತುದಿಯ ಹಕ್ಕಿ, ಅಪರೂಪವೂ ಹೌದು. ಸಿಗದಿದ್ದರೆ ನನ್ನನ್ನು ಬೈಯಬೇಡ. ಕುತ್ತಿಗೆ ನೋವಿಗೆ ಅಮೃತಾಂಜನ ಮುಂದಿನ ಪಾರ್ಸೆಲಿನಲ್ಲಿ ಕಳಿಸುತ್ತೇನೆ.

ನಿನ್ನ,
ತೋಟದ ಮನೆಯವನು