ಮಳೆ ಎಚ್ಚರಿಕೆಯಲ್ಲಿ ಇಂಚಿನ ಲೆಕ್ಕವೂ ಇರಲಿ

ಮಾನ್ಯರೇ,

ಮಳೆಗಾಲದಲ್ಲಿ ‘ಕೊಡಗಿಗೆ ಆರೆಂಜ್ ಅಲರ್ಟ್’ ಎಂಬ ಸುದ್ದಿ ಪತ್ರಿಕೆಯಲ್ಲಿ ಪದೇ ಪದೇ ಬರುತ್ತದೆ. ಎಷ್ಟು ಮಳೆ, ಯಾವ ಹೊತ್ತಿನವರೆಗೆ ಎಂಬುದು ಮಾತ್ರ ತಿಳಿಯುವುದಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.4 ಮೀರಿದರೆ ವಿಪರೀತ ಮಳೆ. ಆದರೆ ನಮ್ಮ ತೋಟಗಳಲ್ಲಿ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಭಾಗ). 25.4 ಮಿ.ಮೀ.ಗೆ ಒಂದು ಇಂಚು. ಅಂದರೆ ಸುಮಾರು ಎರಡೂವರೆ, ನಾಲ್ಕೂವರೆ, ಎಂಟು ಇಂಚು. ಹೀಗೆ ಬರೆದರೆ ಲೈನ್‌ಮನೆಯ ತೋಟ ಕಾರ್ಮಿಕರಿಗೂ ಥಟ್ಟನೆ ಅರ್ಥವಾಗುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬಣ್ಣ ಹೇಳುವುದು ಆಯಾ ದಿನದ ಮಳೆಯನ್ನು. ಬರೆ (ಕಡಿದಾದ ಮಣ್ಣಿನ ಇಳಿಜಾರು) ಜರಿಯುವುದಕ್ಕೆ ಹಿಂದಿನ ದಿನಗಳ ಮಳೆಯೂ ಕಾರಣ: ನೀರು ಇಂಗುತ್ತಾ ಮಣ್ಣಿನ ಸಂದುಗಳಲ್ಲಿ ತುಂಬಿ ಒತ್ತಡ ಹೆಚ್ಚಿದಾಗ ಕಣಗಳ ಹಿಡಿತ ಸಡಿಲುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಭಾಗ ಕುಸಿಯುವ ಮೊದಲೇ ಮಣ್ಣು ನೆನೆದು ನಿಂತಿತ್ತು. ನೆನೆದ ಗುಡ್ಡ ಜರಿಯಲು ಆರೆಂಜ್‌ಗಿಂತ ಕೆಳಗಿನ ಯೆಲ್ಲೋ ಅಲರ್ಟ್‌ನ ಮಳೆಯೂ ಸಾಕು. ಬಣ್ಣ ಇಳಿಯಿತೆಂದು ಬರೆಯಡಿಯ ಮನೆಗೆ ಮರಳುವುದು ನಿಜಕ್ಕೂ ಅಪಾಯ.

ಆದ್ದರಿಂದ ಎಚ್ಚರಿಕೆಯ ಜೊತೆಗೆ ಹಿಂದಿನ ಮೂರು ದಿನಗಳ ಒಟ್ಟು ಮಳೆಯನ್ನು ಹೋಬಳಿವಾರು ಇಂಚಿನಲ್ಲಿ ಕೊಡಿ. ಬರೆಯ ಮೇಲೆ ಹೊಸ ಬಿರುಕು, ಒರತೆ ನೀರು ಏಕಾಏಕಿ ಕೆಂಪಾಗುವುದು, ಮಳೆ ಸುರಿಯುತ್ತಿದ್ದರೂ ತೋಡಿನ ನೀರು ತಗ್ಗುವುದು: ಇವು ಕಂಡರೆ ತಕ್ಷಣ ಮನೆ ಬಿಡಬೇಕೆಂದು ಅದೇ ಚೌಕಟ್ಟಿನಲ್ಲಿ ಅಚ್ಚು ಹಾಕಿ.

– ಕಾಫಿ ಬೆಳೆಗಾರರು, ಮಾದಾಪುರ