ಚಿ. ವೀಣಾಳಿಗೆ, ಹಾಡು ಮತ್ತು ಮಾತಿನ ವಿಷಯವಾಗಿ

ಧಾರವಾಡ

ಚಿ. ವೀಣಾಳಿಗೆ ಅತ್ತೆಯ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮನೆಯ ಸುದ್ದಿಯನ್ನೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳಿರುತ್ತಾನೆ. ಅದನ್ನು ಮತ್ತೆ ಬರೆಯುವುದಿಲ್ಲ. ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಮಕ್ಕಳಿಗೆ ಹಾಡಿನ ತಾಲೀಮು ಮಾಡಿಸುವ ವಿಷಯ ಬರೆಯುತ್ತ, ನಡುವೆ ಎಲ್ಲಿಯೋ ನೀನು ಒಂದು ಸಾಲು ಸೇರಿಸಿದ್ದೀಯೆ: "ಅತ್ತೆ, ನಾವು ಹೆಣಕ್ಕೆ ಶೃಂಗಾರ ಮಾಡುತ್ತಿದ್ದೇವೆಯೇ?" ಅದನ್ನು ಓದಿದ ಮೇಲೆ ಉಳಿದ ಪತ್ರ ನನ್ನ ತಲೆಗೆ ಹತ್ತಲಿಲ್ಲ. ಬೇರೆ ಏನಾದರೂ ಬರೆಯೋಣವೆಂದು ಕುಳಿತರೂ ಮನಸ್ಸು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಆದ್ದರಿಂದ ಈ ಪತ್ರ ಪೂರ್ತಿ ಅದೊಂದೇ ಮಾತಿನ ಸುತ್ತ ಸುತ್ತಿದರೆ ಬೇಸರ ಮಾಡಿಕೊಳ್ಳಬೇಡ.

ಅಲ್ಲಿಯ ಹಳೆಯ ಭಾಷೆಯಾದ ಗೇಲಿಕ್‌ನ ಹಾಡನ್ನು ಒಂದು ಅಕ್ಷರವೂ ತಪ್ಪದಂತೆ ಹಾಡುವ ಮಕ್ಕಳು ವೇದಿಕೆಯಿಂದ ಇಳಿದ ಕ್ಷಣವೇ ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ ಎಂದು ಬರೆದಿದ್ದೀಯೆ. ದೊಡ್ಡವರ ಮೇಳದಲ್ಲಿ ಎಷ್ಟೋ ಜನ ಅರ್ಥ ತಿಳಿಯದೆ ಬಾಯಿಪಾಠ ಮಾಡಿ ಹಾಡುತ್ತಾರೆ ಎಂದೂ ಬರೆದಿದ್ದೀಯೆ. ಮೋಡ್ ಎಂಬ ಗೇಲಿಕ್ ಹಾಡುಗಾರಿಕೆಯ ಉತ್ಸವದ ಸ್ಪರ್ಧೆಯಲ್ಲಿ ಸಂಗೀತಕ್ಕೆ ಒಬ್ಬರು, ಗೇಲಿಕ್‌ಗೆ ಇನ್ನೊಬ್ಬರು ತೀರ್ಪುಗಾರರು ಕುಳಿತು ಬೇರೆ ಬೇರೆ ಅಂಕ ಕೊಡುವ ಪದ್ಧತಿ ನನಗೂ ಗೊತ್ತು. ಆದರೆ ಗೇಲಿಕ್‌ಗೆ ಒಳ್ಳೆಯ ಅಂಕ ಪಡೆದ ಹುಡುಗಿಗೆ, ಆಮೇಲೆ ಅದೇ ಭಾಷೆಯಲ್ಲಿ "ನಿನ್ನ ಊರು ಯಾವುದು?" ಎಂದು ಕೇಳಿದಾಗ ಅರ್ಥವಾಗದೆ ನಿನ್ನ ಮುಖ ನೋಡಿದಳೆಂಬ ಸಂಗತಿ ಓದಿ ನನ್ನ ಎದೆ ಕುಸಿಯಿತು.

ನಿನ್ನ ಭಯಕ್ಕೆ ಬುಡವಿಲ್ಲ ಎಂದು ನಾನು ಹೇಳಲಾರೆ. ನೀನು ದುಡಿಯುತ್ತಿರುವ ಸಂಘ, ಆನ್ ಕಮುನ್ ಗೇಲಾಖ್, ಓಬನ್ ಪಟ್ಟಣದಲ್ಲಿ ಹುಟ್ಟಿದ್ದು 1891ರಲ್ಲಿ. ಅದೇ ವರ್ಷದ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಆಡುವವರು ಎರಡೂವರೆ ಲಕ್ಷಕ್ಕೂ ಮಿಕ್ಕಿ ಇದ್ದರು. ಅವರಲ್ಲಿ ನಲವತ್ತು ಸಾವಿರಕ್ಕಿಂತ ಹೆಚ್ಚು ಜನರಿಗೆ ಬೇರೆ ಭಾಷೆಯೇ ಬರುತ್ತಿರಲಿಲ್ಲ. ಮರುವರ್ಷ ಅದೇ ಊರಿನಲ್ಲಿ ಮೊದಲ ಮೋಡ್ ನಡೆಯಿತು. ಅಂದಿನಿಂದ, ಯುದ್ಧದಂತಹ ಅಡ್ಡಿ ಬಂದ ವರ್ಷಗಳನ್ನು ಬಿಟ್ಟರೆ, ಊರಿಂದೂರಿಗೆ ಆ ಉತ್ಸವ ನಡೆಯುತ್ತಲೇ ಬಂದಿದೆ, ಚಿನ್ನದ ಪದಕಗಳನ್ನು ಕೊಡುತ್ತಲೇ ಬಂದಿದ್ದಾರೆ. 2001ರ ಹೊತ್ತಿಗೆ ಆ ಭಾಷೆಯನ್ನಾಡುವವರ ಸಂಖ್ಯೆ 58,652ಕ್ಕೆ ಇಳಿದಿತ್ತು. ಈ ಎರಡು ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದ ಯಾರಿಗಾದರೂ ನಿನ್ನ ಪ್ರಶ್ನೆಯೇ ಹುಟ್ಟುತ್ತದೆ.

ನನಗೂ ಆ ಪ್ರಶ್ನೆ ಬಂದಿತ್ತು, ಆದರೆ ನಿನ್ನ ಹಾಗೆ ಅದಕ್ಕೆ ಮಾತು ಕೊಡುವ ತಿಳಿವಳಿಕೆ ಆಗ ನನಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಆ ಕಡೆ ನರ್ಸಾಗಿದ್ದಾಗ, ವೃದ್ಧರ ವಾರ್ಡಿನಲ್ಲಿ ಸೌತ್ ಯೂಸ್ಟ್ ದ್ವೀಪದ ಒಬ್ಬ ಅಜ್ಜಿ ಇದ್ದಳು. ಮರೆವಿನ ಕಾಯಿಲೆಯಿಂದ ಅವಳ ಇಂಗ್ಲಿಷ್ ಒಂದೊಂದೇ ಪದವಾಗಿ ಕಳಚಿಹೋಗಿ, ಕೊನೆಗೆ ಗೇಲಿಕ್ ಮಾತ್ರ ಉಳಿದಿತ್ತು. ನೋವು ಎಲ್ಲಿದೆ ಎಂದು ಕೇಳಬೇಕಾದರೂ, ವಾರ್ಡಿನ ನೆಲ ಒರೆಸುತ್ತಿದ್ದ ಲೂಯಿಸ್ ದ್ವೀಪದ ಹೆಂಗಸನ್ನು ನಾವು ಕರೆಯಬೇಕಾಗುತ್ತಿತ್ತು. ಮಧ್ಯಾಹ್ನದ ಹೊತ್ತು ಅಜ್ಜಿ ಕಂಬಳಿಯ ಅಂಚನ್ನು ಎರಡೂ ಕೈಗಳಲ್ಲಿ ಮುದ್ದೆಮಾಡಿ ಹಿಡಿದು, ಊಟದ ಹಲಗೆಯ ಮೇಲೆ ಬಡಿದು, ಪಕ್ಕಕ್ಕೆ ತಳ್ಳಿ, ಮತ್ತೆ ಎಳೆದುಕೊಂಡು ಬಡಿಯುತ್ತ ಹಾಡುತ್ತಿದ್ದಳು. ಮಗ್ಗದಿಂದ ಇಳಿಸಿದ ಉಣ್ಣೆಯ ಬಟ್ಟೆಯನ್ನು ಹಳೆಯ ಮೂತ್ರದಲ್ಲಿ ನೆನೆಸಿ, ಹೆಂಗಸರು ಉದ್ದನೆಯ ಹಲಗೆಯ ಸುತ್ತ ಕುಳಿತು ಬಡಿದು ಬಿಗಿಗೊಳಿಸುವಾಗ ಹೇಳುತ್ತಿದ್ದ ಹಾಡು ಅದು ಎಂದು ನೆಲ ಒರೆಸುವ ಹೆಂಗಸು ತಿಳಿಸಿದಳು. ಒಬ್ಬಳು ಸೊಲ್ಲು ಹೇಳುವುದು, ಉಳಿದವರು ಪಲ್ಲವಿ ಹಿಡಿಯುವುದು ಅದರ ಕ್ರಮ. ನಮ್ಮ ಅಜ್ಜಿ ಸೊಲ್ಲು ಹೇಳಿ ನಿಲ್ಲಿಸಿ, ಪಲ್ಲವಿ ಬರಲೆಂದು ನಮ್ಮ ಮುಖಗಳನ್ನು ನೋಡುತ್ತಿದ್ದಳು.

ಪಲ್ಲವಿ ಹಿಡಿಯುತ್ತಿದ್ದವಳು ಲೂಯಿಸಿನ ಆ ಹೆಂಗಸು ಒಬ್ಬಳೇ. ಅವಳು ಮೋಡ್‌ಗೆ ಹೋಗುವ ಒಂದು ಮೇಳದಲ್ಲಿಯೂ ಹಾಡುತ್ತಿದ್ದಳು, ಅದರ ಬಗ್ಗೆ ತುಂಬ ಅಭಿಮಾನದಿಂದ ಮಾತನಾಡುತ್ತಿದ್ದಳು. ಆದರೆ ಮನೆಯಲ್ಲಿ ಮಕ್ಕಳೊಂದಿಗೆ ಇಂಗ್ಲಿಷ್. ಏಕೆಂದು ಕೇಳಿದಾಗ, ತನ್ನ ತಾಯಿಯ ಕಾಲದ ಶಾಲೆಯಲ್ಲಿ ಗೇಲಿಕ್ ಆಡಿದ ಮಗುವಿನ ಕೊರಳಿಗೆ ಕೋಲನ್ನು ತೂಗುಹಾಕುತ್ತಿದ್ದರೆಂದು ಹೇಳಿ, ಮಕ್ಕಳಿಗೆ ಆ ಕಷ್ಟ ಏಕೆ ಎಂದಳು. ನೀನು ಈಗ ಕಾಣುತ್ತಿರುವುದು ಆಗಲೇ, ನನ್ನ ಕಣ್ಣೆದುರಿಗೇ ಇತ್ತು: ಹಾಡಿನಲ್ಲಿ ಅಭಿಮಾನ, ಅಡುಗೆಮನೆಯಲ್ಲಿ ಮೌನ.

ನನ್ನ ಕೋಣೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು, ಊರಿನಿಂದ ಬಂದ ಕ್ಯಾಸೆಟ್ಟು ಕೇಳುವುದಕ್ಕಾಗಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿಯೇ ಸ್ಕಾಟಿಷ್ ಅಧ್ಯಯನದ ವಿಭಾಗ ಶುರುವಾಗಿ, ಅಲ್ಲಿಯವರು ದ್ವೀಪದಿಂದ ದ್ವೀಪಕ್ಕೆ ಹೋಗಿ ಇಂತಹ ಹಾಡುಗಳನ್ನೇ ಧ್ವನಿಮುದ್ರಿಸಿಕೊಳ್ಳುತ್ತಿದ್ದರೆಂದು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ಆ ಯಂತ್ರವನ್ನು ವಾರ್ಡಿಗೆ ಒಯ್ದು ಅಜ್ಜಿಯ ಮಂಚದ ಪಕ್ಕದಲ್ಲಿ ಇಡಬಹುದಿತ್ತೆಂಬುದು ಈಗಲೂ ನನ್ನನ್ನು ಕೊರೆಯುತ್ತದೆ. ಅವಳು ಹೋದ ಮೇಲೆ ಆ ಹಾಡುಗಳ ಒಂದು ಸಾಲೂ ನನ್ನ ನೆನಪಿನಲ್ಲಿ ನಿಲ್ಲಲಿಲ್ಲ, ಕೈಗಳ ಲಯ ಮಾತ್ರ ಉಳಿದಿದೆ.

ಹೆಣ ಎಂಬ ನಿನ್ನ ಮಾತನ್ನು ನಾನು ಒಪ್ಪದಿರುವುದಕ್ಕೆ ಆ ವಾರ್ಡೇ ಕಾರಣ. ಇಬ್ಬರೇ ಇದ್ದರೂ, ಒಬ್ಬಳು ಸೊಲ್ಲು ಹೇಳಿ ಇನ್ನೊಬ್ಬಳು ಪಲ್ಲವಿ ಹಿಡಿದಾಗ, ನೋವು ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗ, ಆ ಭಾಷೆ ತನ್ನ ಕೆಲಸ ತಾನು ಮಾಡುತ್ತಿತ್ತು.

ಸಂಘ ಹಾಡಿನ ಹೊರತು ಏನೂ ಮಾಡಲಿಲ್ಲ ಎಂಬಂತೆ ನೀನು ಬರೆದಿರುವುದು ಮಾತ್ರ ಪೂರ್ತಿ ನ್ಯಾಯವಲ್ಲ. 1872ರ ಶಿಕ್ಷಣ ಕಾನೂನು ಎಲ್ಲ ಮಕ್ಕಳನ್ನೂ ಶಾಲೆಗೆ ಸೇರಿಸಿತು, ಗೇಲಿಕ್‌ಗೆ ಅಲ್ಲಿ ಜಾಗವನ್ನೇ ಇಡಲಿಲ್ಲ. ಸಂಘದವರು ವರ್ಷಗಟ್ಟಲೆ ಮನವಿ ಸಲ್ಲಿಸಿ, ಒತ್ತಾಯ ತಂದು, 1918ರ ಕಾನೂನಿನಲ್ಲಿ ಗೇಲಿಕ್ ಆಡುವ ಪ್ರದೇಶಗಳಲ್ಲಿ ಆ ಭಾಷೆಯನ್ನು ಕಲಿಸಲು ಏರ್ಪಾಡು ಮಾಡಬೇಕೆಂಬ ಒಂದು ವಿಧಿ ಸೇರುವಂತೆ ಮಾಡಿದರು. ಅದು ದುರ್ಬಲವಾದ ವಿಧಿಯಾಗಿತ್ತು, ಎಷ್ಟೋ ಕಡೆ ಕಾಗದದಲ್ಲಿಯೇ ಉಳಿಯಿತು ಎಂಬುದು ನಿಜ. ಆದರೂ ಆ ಕೆಲಸ ಪದಕಕ್ಕಾಗಿ ಮಾಡಿದ್ದಾಗಿರಲಿಲ್ಲ. ಸಂಘದ ಮೇಲೆ ನನಗಿರುವ ಆಕ್ಷೇಪವೆಂದರೆ, ವೇದಿಕೆಯ ಮೇಲೆ ಹುಟ್ಟಿದ ಅಭಿಮಾನ ತಾನಾಗಿ ಮನೆಯವರೆಗೆ ಹೋಗುತ್ತದೆಂದು ಅದು ಬಹಳ ಕಾಲ ನಂಬಿತು. ಆ ನಂಬಿಕೆ ಸುಳ್ಳೆಂಬುದನ್ನು ಲೂಯಿಸಿನ ಆ ಹೆಂಗಸಿನಲ್ಲಿ ನಾನು ಕಂಡಿದ್ದೇನೆ.

ನಮ್ಮ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ನಿನ್ನ ಸಂಘಕ್ಕಿಂತ ಒಂದೇ ವರ್ಷ ಮೊದಲು. ಮುಂಬಯಿ ಪ್ರಾಂತದ ಈ ಭಾಗದಲ್ಲಿ ಮರಾಠಿ ಮೇಲುಗೈಯಾಗಿದ್ದ ಕಾಲದಲ್ಲಿ ರಾ. ಹ. ದೇಶಪಾಂಡೆಯವರು ಅದನ್ನು ಕಟ್ಟಿದರು. ಅದರ ಉದಾಹರಣೆ ಕೊಟ್ಟು ನಿನಗೆ ಧೈರ್ಯ ಹೇಳಬೇಕೆಂದು ಮೊದಲು ಅನಿಸಿತ್ತು, ಆಮೇಲೆ ಸಂಕೋಚವಾಯಿತು. ಇಲ್ಲಿ ಸಂಘದ ಸಭೆ ಮುಗಿಸಿ ಹೊರಗೆ ಬಂದವರಿಗೆ ಸಂತೆಯಲ್ಲಿ, ಹೊಲದಲ್ಲಿ, ಮನೆಯಲ್ಲಿ ಕನ್ನಡವೇ ಸಿಗುತ್ತಿತ್ತು. ಓಬನ್‌ನವರ ಕಾಲ ಕೆಳಗಿನ ಆ ನೆಲವೇ ಪ್ರತಿ ತಲೆಮಾರಿಗೂ ಕುಸಿಯುತ್ತಿತ್ತು. ಅವರ ಕಷ್ಟವನ್ನು ನಮ್ಮ ಅಳತೆಯಿಂದ ಅಳೆಯುವುದು ಸರಿಯಲ್ಲ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. 2022ರ ಜನಗಣತಿಯಲ್ಲಿ ಗೇಲಿಕ್ ಮಾತನಾಡುವವರ ಸಂಖ್ಯೆ 69,701ಕ್ಕೆ ಏರಿದೆಯೆಂದು ಎಲ್ಲರೂ ಸಂತೋಷಪಟ್ಟರು. ಅದೇ ಗಣತಿಯಲ್ಲಿ, ಆ ಭಾಷೆಯ ಕೊನೆಯ ಗಟ್ಟಿ ನೆಲೆಯಾದ ಪಶ್ಚಿಮ ದ್ವೀಪಗಳಲ್ಲಿ ಅದನ್ನಾಡುವವರ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ದ್ವೀಪಗಳಲ್ಲಿ ಗೇಲಿಕ್ ದಿನಬಳಕೆಯ ಮಾತಾಗಿ ಇನ್ನೊಂದು ದಶಕವನ್ನೂ ದಾಟಲಾರದೆಂದು 2020ರ ಒಂದು ಅಧ್ಯಯನ ಎಚ್ಚರಿಸಿತ್ತು. ಅಂದರೆ ಶಾಲೆಯಲ್ಲಿ, ನಗರದಲ್ಲಿ ಕಲಿಯುವವರು ಹೆಚ್ಚುತ್ತಿದ್ದಾರೆ, ಒಲೆಯ ಮುಂದೆ, ದೋಣಿಯಲ್ಲಿ ಆಡುವವರು ಕಡಿಮೆಯಾಗುತ್ತಿದ್ದಾರೆ. ನಿನ್ನ ತಾಲೀಮಿನ ಮಕ್ಕಳು ಮೊದಲನೆಯ ಗುಂಪಿನವರು. ಎರಡನೆಯ ಗುಂಪಿನವರು ಇನ್ನೂ ಬದುಕಿದ್ದಾರೆ, ಕೆಲವರು ನಿನ್ನದೇ ಊರಿನಲ್ಲಿ, ನಿನ್ನದೇ ಸಭಾಂಗಣದಲ್ಲಿ ಇದ್ದಾರೆ. ನನಗೆ ರಾತ್ರಿ ನಿದ್ದೆ ಕೆಡಿಸುವ ಸಂಗತಿ ಇದು: ಈ ಇಬ್ಬರೂ ಒಂದೇ ಕೋಣೆಯಲ್ಲಿದ್ದು ಪರಸ್ಪರ ಮಾತನಾಡದೆ ಹೋಗಬಹುದು.

ಬದಲಾವಣೆ ತಂದವರು ಇದನ್ನು ಅರಿತಿದ್ದರು ಎನಿಸುತ್ತದೆ. 1981ರಲ್ಲಿ ಬಾರಾ ದ್ವೀಪದವರು ಮಕ್ಕಳಿಗಾಗಿ ಒಂದು ಉತ್ಸವ ಆರಂಭಿಸಿ, ಹಾಡು ವಾದ್ಯಗಳನ್ನು ಊರಿನವರಿಂದಲೇ ಕಲಿಸಿದರು. ಆಮೇಲೆ ಶಿಶುವಿಹಾರಗಳು ಬಂದವು, 1985ರಲ್ಲಿ ಗ್ಲಾಸ್ಗೋ ಮತ್ತು ನಿನ್ನ ಇನ್ವರ್ನೆಸ್‌ನಲ್ಲಿ ಗೇಲಿಕ್ ಮಾಧ್ಯಮದ ಮೊದಲ ತರಗತಿಗಳು ತೆರೆದವು. ಇವುಗಳಲ್ಲಿ ಬಹಳಷ್ಟು ನಿನ್ನ ಸಂಘದ ಹೊರಗೆ, ತಂದೆ ತಾಯಂದಿರ ಹಟದಿಂದ ಹುಟ್ಟಿದ್ದು. 2025ರಲ್ಲಿ ಭಾಷೆಗೆ ಅಧಿಕೃತ ಸ್ಥಾನ ಕೊಡುವ ಕಾನೂನೂ ಬಂತು. ಬಹಳ ಸಂತೋಷ, ಆದರೆ ಊಟದ ಮೇಜಿನ ಮಾತನ್ನು ಕಾನೂನು ಆಡಿಸಲಾರದು.

ನೀನು ಹೊರಗಿನವಳೆಂಬ ಅಳುಕು ನಿನ್ನ ಭಯಕ್ಕೆ ಇನ್ನಷ್ಟು ಬಲ ಕೊಟ್ಟಿರಬೇಕು. ಅಮೆರಿಕದ ಮಾರ್ಗರೆಟ್ ಫೇ ಶಾ 1929ರಲ್ಲಿ ಸೌತ್ ಯೂಸ್ಟ್‌ಗೆ ಹೋಗಿ, ಇಬ್ಬರು ಅಕ್ಕತಂಗಿಯರ ಮನೆಯಲ್ಲಿ ವರ್ಷಗಳ ಕಾಲ ಉಳಿದು, ಭಾಷೆ ಕಲಿತು, ಅವರು ಕೆಲಸ ಮಾಡುತ್ತ ಹಾಡಿದ ಹಾಡುಗಳನ್ನು ಬರೆದುಕೊಂಡಳು. ನನ್ನ ವಾರ್ಡಿನ ಅಜ್ಜಿ ಆಗ ಅದೇ ದ್ವೀಪದಲ್ಲಿ ನಡುವಯಸ್ಸಿನ ಹೆಂಗಸಾಗಿದ್ದಿರಬೇಕು. ಹೊರಗಿನಿಂದ ಬಂದು ಅಡುಗೆಮನೆಯಲ್ಲಿ ಕುಳಿತವಳಿಗೆ ಸಿಕ್ಕಿದ್ದು ವೇದಿಕೆಯ ಮುಂದೆ ಕುಳಿತವರಿಗೆ ಸಿಗುತ್ತಿರಲಿಲ್ಲ.

ಸಲಹೆ ಕೊಡುವ ಅರ್ಹತೆ ನನಗಿದೆಯೆಂದು ನಾನು ತಿಳಿದುಕೊಂಡಿಲ್ಲ. ಆದರೂ ಹೇಳಬಹುದಾದರೆ, ತಾಲೀಮಿಗೆ ಬಂದು ಸಭಾಂಗಣದ ಬೀಗ ತೆಗೆದು ಚಹಾ ಮಾಡುತ್ತಾರೆಂದು ನೀನು ಬರೆದಿರುವ ಹ್ಯಾರಿಸ್ ದ್ವೀಪದ ಆ ಮುದುಕರನ್ನು ಚಹಾದ ಬಿಡುವಿನಲ್ಲಿ ಮಕ್ಕಳ ನಡುವೆ ಕೂರಿಸಲಾಗುತ್ತದೆಯೇ ನೋಡು. ಬಿಸ್ಕತ್ತು ಬೇಕಾದವರು ಅವರನ್ನು ಗೇಲಿಕ್‌ನಲ್ಲಿ ಕೇಳಲಿ, ತಪ್ಪಾದರೂ ಯಾರೂ ತಿದ್ದುವುದು ಬೇಡ. ಅವರಿಗೆ ಮಕ್ಕಳ ಗಲಾಟೆ ಹಿಡಿಸದಿದ್ದರೆ ಒತ್ತಾಯಿಸಬೇಡ. ಮಕ್ಕಳನ್ನು ಬಿಡಲು ಬರುವ ತಾಯಂದಿರು ಹೊರಗೆ ಕಾರಿನಲ್ಲಿ ಕಾಯುತ್ತಾರೆ ಎಂದೆಯಲ್ಲ, ಅವರನ್ನು ಒಳಗೆ ಕರೆದು ಅದೇ ಹೊತ್ತಿನಲ್ಲಿ ನಾಲ್ಕು ಮಾತು ಕಲಿಸುವವರು ಸಿಕ್ಕರೆ ಇನ್ನೂ ಒಳ್ಳೆಯದು. ಇದಕ್ಕೆ ಸಮಿತಿಯ ಒಪ್ಪಿಗೆ, ಹಣ ಎಲ್ಲ ಬೇಕಾಗಬಹುದು, ನನಗೆ ಅಲ್ಲಿಯ ರೀತಿ ತಿಳಿಯದು. ಆ ಮುದುಕರ ಮಾತನ್ನು, ಅವರು ಒಪ್ಪಿದರೆ, ನಿನ್ನ ಫೋನಿನಲ್ಲಿ ಮುದ್ರಿಸಿಕೋ. ಇದನ್ನು ಮಾತ್ರ ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಮುಂದಿನ ವಾರವೇ ಮಾಡು.

ಹಾಡನ್ನು ದ್ವೇಷಿಸಬೇಡ. ಆ ಹುಡುಗಿಗೆ ಪ್ರಶ್ನೆ ಅರ್ಥವಾಗದಿದ್ದರೂ ನಾಲಿಗೆ ಆಗಲೇ ಆ ಭಾಷೆಯ ಸ್ವರಗಳಿಗೆ ಹೊಂದಿಕೊಂಡಿದೆ. ಅವಳಿಗೆ ಹಾಡಿನ ಅರ್ಥವನ್ನು ಸಾಲು ಸಾಲಾಗಿ ಬಿಡಿಸಿ ಹೇಳುವವರು ಇದುವರೆಗೆ ಇರಲಿಲ್ಲ ಎಂದರೆ, ಅಷ್ಟು ಮಾಡಲು ನೀನಿದ್ದೀಯೆ.

ಅಕ್ಟೋಬರಿನ ಮೋಡ್‌ಗೆ ಮೊದಲೇ ಕೆಲಸ ಬಿಡುವ ಯೋಚನೆ ನಿನ್ನ ಪತ್ರದ ಕೊನೆಯಲ್ಲಿ ಸುಳಿದಿದೆ. ಅಲ್ಲಿಯವರೆಗೆ ಬಿಡಬೇಡ ಎಂದು ಕೇಳಿಕೊಳ್ಳುತ್ತೇನೆ. ಮಕ್ಕಳು ನಿನ್ನನ್ನು ನಂಬಿ ತಯಾರಾಗುತ್ತಿದ್ದಾರೆ. ಆಮೇಲೆಯೂ ಹೀಗೆಯೇ ಅನಿಸಿದರೆ ನನಗೆ ಬರೆ, ನಾನು ತಡೆಯುವುದಿಲ್ಲ, ನಿನ್ನ ಅಪ್ಪನಿಗೂ ನಾನೇ ತಿಳಿಸಿ ಹೇಳುತ್ತೇನೆ. ಆ ಹ್ಯಾರಿಸಿನ ಹಿರಿಯರು ಮಕ್ಕಳೊಂದಿಗೆ ಕುಳಿತರೋ ಇಲ್ಲವೋ ಎಂಬುದನ್ನು ಮಾತ್ರ ಮರೆಯದೆ ತಿಳಿಸು.

ಇತಿ ನಿನ್ನ,
ಅತ್ತೆ